ಮಾಲ್‌ನಲ್ಲಿ ಒಂದು ಅಂಗಡಿ ಕೊಳ್ಳಲೇ?

ಪ್ರಶ್ನೆ: ನಾನು ನಿವೃತ್ತ ಕಾಲೇಜು ಅಧ್ಯಾಪಕ, ಬೆಂಗಳೂರು ನಿವಾಸಿ. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಐದು ಮಹಡಿಯ ಮಾಲ್ ಏಳುತ್ತಿದೆ. ಎರಡನೇ ಮಹಡಿಯ 220 ಚದರ ಅಡಿಯ ಅಂಗಡಿಯನ್ನು 48 ಲಕ್ಷ ರೂಪಾಯಿಗೆ ಕೊಡುತ್ತೇವೆ, ಮೊದಲ ಮೂರು ವರ್ಷ ತಿಂಗಳಿಗೆ 40 ಸಾವಿರ ರೂಪಾಯಿ ಖಾತರಿ ಬಾಡಿಗೆಯನ್ನು ನಾವೇ ಕೊಡುತ್ತೇವೆ ಎನ್ನುತ್ತಿದ್ದಾರೆ. ಬ್ಯಾಂಕಿನ ಬಡ್ಡಿಗಿಂತ ಲಾಭ ಎನ್ನಿಸುತ್ತಿದೆ. ನನ್ನ ಮಗಳು ಮಾತ್ರ ‘ಎಲ್ಲರೂ ಮೊಬೈಲಿನಲ್ಲೇ ಕೊಳ್ಳುವ ಕಾಲ, ಮಾಲ್‌ಗಳ ಕಥೆ ಮುಗಿಯಿತು, ಬಿಗ್ ಬಜಾರೇ ಉಳಿಯಲಿಲ್ಲ’ ಎಂದು ತಡೆಯುತ್ತಿದ್ದಾಳೆ. ಆದರೆ ಭಾನುವಾರ ಕೆಲವು ಮಾಲ್‌ಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇನ್ನು ಕೆಲವದರಲ್ಲಿ ಎಸ್ಕಲೇಟರ್ ಕೂಡ ನಿಂತಿರುತ್ತದೆ. ಒಂದೇ ಊರಿನಲ್ಲಿ ಹೀಗೇಕೆ? ನಾನು ಕೊಳ್ಳಬಹುದೇ?

ಉತ್ತರ: ಕೊಳ್ಳಬೇಡಿ. ನಿಮ್ಮ ಮಗಳ ತೀರ್ಮಾನ ಸರಿಯಾಗಿದೆ. ಅವರು ಕೊಟ್ಟ ಕಾರಣ ಮಾತ್ರ ಅರ್ಧ ಸರಿ. ಮೊಬೈಲಿಗಿಂತ ಮೊದಲು ನಿಮ್ಮ ಅಂಗಡಿಯನ್ನು ಮುಳುಗಿಸುವುದು ಆ ಕಟ್ಟಡದ ಕ್ರಯಪತ್ರಗಳು. ಅಂಗಡಿಯನ್ನು ನಿಮಗೆ ಬಾಡಿಗೆಗೆ ಕೊಡದೆ ಮಾರುತ್ತಿದ್ದಾರೆ ಎಂಬ ಸಂಗತಿಯೇ ನನಗೆ ಸಾಕಷ್ಟು ಹೇಳಿತು.

ಚೆನ್ನಾಗಿ ನಡೆಯುವ ಮಾಲ್‌ನ ಒಡೆಯರು ಅಂಗಡಿ ಮಾರುವುದಿಲ್ಲ. ಏಕೆಂದರೆ ಅವರ ನಿಜವಾದ ಕಸುಬು ಯಾರನ್ನು ಎಲ್ಲಿ ಕೂರಿಸಬೇಕು, ಯಾರನ್ನು ಯಾವಾಗ ಎಬ್ಬಿಸಬೇಕು ಎಂದು ನಿರ್ಧರಿಸುವುದು. ಊರ ಜಾತ್ರೆಯಲ್ಲಿ ಬೆಂಡು-ಬತ್ತಾಸಿನವರು ಎಲ್ಲಿ, ಬಳೆಯವರು ಎಲ್ಲಿ, ತೊಟ್ಟಿಲು ತಿರುಗುವುದು ಎಲ್ಲಿ ಎಂದು ಸಮಿತಿಯವರು ಗೆರೆ ಹಾಕುತ್ತಾರಲ್ಲ, ಹಾಗೆಯೇ ಇದು. ಸಿನಿಮಾ ಮತ್ತು ಊಟದ ಅಂಗಳ ಮೇಲಿನ ಮಹಡಿಯಲ್ಲಿರುತ್ತವೆ, ಹತ್ತಿ ಇಳಿಯುವ ಜನ ನಡುವಿನ ಮಹಡಿಗಳನ್ನು ನೋಡಿಯೇ ಹೋಗಬೇಕು ಎಂಬ ಲೆಕ್ಕಕ್ಕೆ. ಜನರನ್ನು ಎಳೆದು ತರುವ ದೊಡ್ಡ ಮಳಿಗೆಗೆ, ಅಂದರೆ ಈ ಕಸುಬಿನವರು ‘ಆಂಕರ್’ ಎನ್ನುವ ಬಾಡಿಗೆದಾರನಿಗೆ, ಚದರ ಅಡಿಗೆ ತೀರಾ ಕಡಿಮೆ ಬಾಡಿಗೆ. ಅವನು ತಂದ ಜನರ ಎದುರು ಕೂತು ವ್ಯಾಪಾರ ಮಾಡುವ ಕಿವಿಯೋಲೆ, ಚಪ್ಪಲಿ, ಕನ್ನಡಕದ ಅಂಗಡಿಗಳಿಗೆ ಅದರ ಹಲವು ಪಟ್ಟು. ಆಂಕರ್‌ನಲ್ಲಿ ಬಿಟ್ಟುಕೊಟ್ಟದ್ದನ್ನು ಚಿಕ್ಕವರಿಂದ ವಸೂಲು ಮಾಡುವುದು ಎಂದರೂ ತಪ್ಪಿಲ್ಲ. ಚಿಕ್ಕವರು ಗೊಣಗುತ್ತಾ ಒಪ್ಪುತ್ತಾರೆ, ಏಕೆಂದರೆ ಆಂಕರ್ ಹೋದ ಮಾಲ್‌ನಲ್ಲಿ ಅವರಿಗೆ ಬೋಣಿಯೂ ಆಗುವುದಿಲ್ಲ.

ಬಾಡಿಗೆಯ ಕರಾರು ಕೂಡ ಮನೆ ಬಾಡಿಗೆಯಂತಲ್ಲ. ಸಾಮಾನ್ಯವಾಗಿ ಒಂದು ಕನಿಷ್ಠ ಮೊತ್ತ, ಇಲ್ಲವೇ ತಿಂಗಳ ಮಾರಾಟದಲ್ಲಿ ಇಂತಿಷ್ಟು ಶೇಕಡಾ, ಎರಡರಲ್ಲಿ ಯಾವುದು ಹೆಚ್ಚೋ ಅದು. ಹಾಗಾಗಿ ಒಡೆಯರಿಗೆ ಪ್ರತಿ ಅಂಗಡಿಯ ದಿನದ ಮಾರಾಟ ತಿಳಿಯುತ್ತದೆ, ಎಷ್ಟೋ ಮಾಲ್‌ಗಳಲ್ಲಿ ಬಿಲ್ಲಿಂಗ್ ಯಂತ್ರದಿಂದ ನೇರವಾಗಿಯೇ. ಯಾವ ಮೂಲೆ ಸೊರಗುತ್ತಿದೆ ಎಂದು ಅಂಗಡಿಯವನಿಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಕರಾರು ಮುಗಿದೊಡನೆ ಅಲ್ಲಿಗೆ ಬೇರೆಯವರನ್ನು ತರುತ್ತಾರೆ. ಎರಡು ಅಂಗಡಿಗಳ ನಡುವಿನ ಗೋಡೆ ಒಡೆದು ಒಂದು ಮಾಡುತ್ತಾರೆ. ಒಂದು ಮಹಡಿಯನ್ನೇ ಮಕ್ಕಳ ಆಟಕ್ಕೆ ಬಿಡುತ್ತಾರೆ. ಒಂದು ಮಾಲ್ ಹತ್ತು ವರ್ಷ ಬದುಕುವುದು ಹೀಗೆ ತನ್ನ ಒಳಗನ್ನು ಬದಲಿಸಿಕೊಳ್ಳುತ್ತಲೇ.

ಈಗ ನಿಮ್ಮ ಮಾಲ್‌ಗೆ ಬನ್ನಿ. ಅಂಗಡಿಗಳನ್ನು ಬಿಡಿಬಿಡಿಯಾಗಿ ಮಾರಿದ ಮೇಲೆ ಅಲ್ಲಿ ಇನ್ನೂರು ಮಂದಿ ಒಡೆಯರಿರುತ್ತಾರೆ ಎಂದುಕೊಳ್ಳಿ. ನೀವು ಔಷಧಿ ಅಂಗಡಿಗೆ ಕೊಡುತ್ತೀರಿ, ಪಕ್ಕದವರು ಟ್ರಾವೆಲ್ ಏಜೆನ್ಸಿಗೆ, ಎದುರಿನವರು ದುಬೈಯಲ್ಲಿದ್ದಾರೆ, ಬೆಲೆ ಏರಲಿ ಎಂದು ಷಟರ್ ಎಳೆದು ಕೂತಿದ್ದಾರೆ. ಸಾಲಿನಲ್ಲಿ ಮೂರು ಷಟರ್ ಮುಚ್ಚಿದರೆ ಗಿರಾಕಿ ಆ ಕಡೆಗೆ ತಿರುಗುವುದಿಲ್ಲ. ದೊಡ್ಡ ಬಟ್ಟೆ ಕಂಪನಿಯೊಂದು 20 ಸಾವಿರ ಚದರ ಅಡಿ ಬೇಕು ಎಂದು ಬಂದರೂ ನಲವತ್ತು ಜನ ಒಡೆಯರ ಸಹಿ ಯಾರು ತರುತ್ತಾರೆ? ಎಸಿ, ಕಾವಲು, ಶೌಚಾಲಯದ ನಿರ್ವಹಣಾ ಶುಲ್ಕವನ್ನು ಕೆಲವರು ಕಟ್ಟುತ್ತಾರೆ, ಕೆಲವರು ನ್ಯಾಯಾಲಯಕ್ಕೆ ಹೋಗುತ್ತಾರೆ. ನೀವು ಕಂಡ ಆ ನಿಂತ ಎಸ್ಕಲೇಟರ್‌ನ ಹಿಂದೆ ಎಷ್ಟೋ ಸಲ ಇರುವುದು ಇದೇ. ಯಂತ್ರ ಕೆಟ್ಟಿರುವುದಿಲ್ಲ, ಕರೆಂಟಿನ ಬಿಲ್ ಯಾರು ಕಟ್ಟಬೇಕು ಎಂಬುದು ತೀರ್ಮಾನವಾಗಿರುವುದಿಲ್ಲ.

ಚೆನ್ನೈನ ಮೌಂಟ್ ರಸ್ತೆಯಲ್ಲಿರುವ ಸ್ಪೆನ್ಸರ್ ಪ್ಲಾಜಾವನ್ನು ನೀವು ನೋಡಿರಬಹುದು. ಬ್ರಿಟಿಷರ ಕಾಲದ ಸ್ಪೆನ್ಸರ್ ಡಿಪಾರ್ಟ್‌ಮೆಂಟ್ ಸ್ಟೋರ್ ಇದ್ದ ಜಾಗ. ಹಳೆಯ ಕಟ್ಟಡ ಬೆಂಕಿಗೆ ಆಹುತಿಯಾದ ಮೇಲೆ ಎದ್ದ ಸಂಕೀರ್ಣ. 1990ರ ದಶಕದಲ್ಲಿ ದಕ್ಷಿಣ ಭಾರತದವರು ಮಾಲ್ ಎಂದರೆ ಇದು ಎಂದು ತೋರಿಸುತ್ತಿದ್ದ ಸ್ಥಳ. ಅಲ್ಲಿ ಅಂಗಡಿಗಳ ಒಡೆತನ ಹಲವರ ಕೈಗೆ ಹಂಚಿಹೋಗಿತ್ತು. ಹೊಸ ಮಾಲ್‌ಗಳು ಬಂದಾಗ ತನ್ನನ್ನು ಬದಲಿಸಿಕೊಳ್ಳುವ ಶಕ್ತಿ ಅದಕ್ಕೆ ಇರಲಿಲ್ಲ. ಜಾಗ ನಗರದ ನಟ್ಟನಡುವೆ ಇದ್ದೂ ಮಂಕಾಯಿತು.

ಆಸ್ತಿ ವ್ಯವಹಾರದ ಸಲಹಾ ಸಂಸ್ಥೆ ನೈಟ್ ಫ್ರಾಂಕ್ ಶೇ 40ಕ್ಕಿಂತ ಹೆಚ್ಚು ಜಾಗ ಖಾಲಿ ಇರುವ ಮಾಲ್‌ಗಳನ್ನು ‘ಭೂತ ಮಾಲ್’ ಎಂದು ಎಣಿಸುತ್ತದೆ. ದೇಶದ ಎಂಟು ದೊಡ್ಡ ನಗರಗಳಲ್ಲಿ ಅವು 2022ರಲ್ಲಿ 57 ಇದ್ದವು, 2023ರಲ್ಲಿ 64 ಆದವು. ಅದೇ ಸಮೀಕ್ಷೆಯಲ್ಲಿ ಒಂದು ಲಕ್ಷ ಚದರ ಅಡಿಗಿಂತ ಚಿಕ್ಕ ಮಾಲ್‌ಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜಾಗ ಖಾಲಿ ಬಿದ್ದಿತ್ತು. ಅತಿ ದೊಡ್ಡ ಮಾಲ್‌ಗಳಲ್ಲಿ ಖಾಲಿ ಇದ್ದದ್ದು ಶೇ 5ರ ಆಸುಪಾಸು. ಎಲ್ಲ ಮಾಲ್‌ಗಳ ಹೊಟ್ಟೆಯ ಮೇಲೂ ಮೊಬೈಲ್ ಒಂದೇ ರೀತಿ ಹೊಡೆದಿದ್ದರೆ ಈ ಅಂತರ ಬರುತ್ತಿರಲಿಲ್ಲ.

ಬೆಂಗಳೂರಿನ ಉದಾಹರಣೆ ಬೇಕೆಂದರೆ ಕೋರಮಂಗಲದ್ದೇ ಇದೆ. ಅಲ್ಲಿನ ಫೋರಂ ಮಾಲ್ 2004ರಲ್ಲಿ ತೆರೆಯಿತು, ಹನ್ನೊಂದು ಪರದೆಗಳ ಪಿವಿಆರ್ ಜೊತೆಗೆ. ಮೂರು ವರ್ಷದ ನಂತರ ಅದೇ ಕೋರಮಂಗಲದಲ್ಲಿ ಇಬ್ಬರು ತರುಣರು ಆನ್‌ಲೈನ್‌ನಲ್ಲಿ ಪುಸ್ತಕ ಮಾರಲು ಆರಂಭಿಸಿದರು; ಅದು ಫ್ಲಿಪ್‌ಕಾರ್ಟ್. ಮಿಂತ್ರಾ ಹುಟ್ಟಿದ್ದೂ ಅದೇ ವರ್ಷ, ಇದೇ ಊರಿನಲ್ಲಿ. ಇಷ್ಟು ಹತ್ತಿರದಲ್ಲಿ ಶತ್ರು ಬೆಳೆದರೂ ಫೋರಂ ಮುಚ್ಚಲಿಲ್ಲ. ಒಡೆತನ ಬದಲಾಯಿತು, ಹೆಸರು ನೆಕ್ಸಸ್ ಎಂದಾಯಿತು, ಆದರೆ ನಡೆಸುವ ಕೈ ಹಲವಾಗಿ ಹಂಚಿಹೋಗಲಿಲ್ಲ. ಬಿಲ್ಡರ್ ಪ್ರೆಸ್ಟೀಜ್ ಸಮೂಹದಿಂದ ಅಮೆರಿಕದ ಹೂಡಿಕೆ ಕಂಪನಿ ಬ್ಲ್ಯಾಕ್‌ಸ್ಟೋನ್ ಕೊಂಡ ಮಾಲ್‌ಗಳೂ ಸೇರಿ ಒಟ್ಟು 17 ಮಾಲ್‌ಗಳ ‘ನೆಕ್ಸಸ್ ಸೆಲೆಕ್ಟ್ ಟ್ರಸ್ಟ್’ 2023ರ ಮೇ ತಿಂಗಳಲ್ಲಿ ಷೇರುಪೇಟೆಗೆ ಬಂತು. ಬೆಂಗಳೂರು, ಮೈಸೂರು, ಮಂಗಳೂರಿನ ಮಾಲ್‌ಗಳೂ ಅದರಲ್ಲಿವೆ. ಇದರ ಬಗ್ಗೆ ಮುಂದೆ ಹೇಳುತ್ತೇನೆ, ನಿಮಗೆ ಸಂಬಂಧಿಸಿದ ಮಾತಿದೆ.

ಬಿಗ್ ಬಜಾರ್ ವಿಷಯ ಬೇರೆ. ಮಾಲ್ ಮತ್ತು ಡಿಪಾರ್ಟ್‌ಮೆಂಟ್ ಸ್ಟೋರ್ ಎರಡನ್ನೂ ಜನ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆದರೆ ಒಬ್ಬರು ಜಾಗ ಬಾಡಿಗೆಗೆ ಕೊಡುವವರು, ಇನ್ನೊಬ್ಬರು ಆ ಜಾಗದಲ್ಲಿ ಸರಕು ಇಟ್ಟು ಮಾರುವವರು. ಎರಡನೆಯವರ ಕಷ್ಟ ಹೆಚ್ಚು.

ನಮ್ಮ ಊರಿಗೆ ಡಿಪಾರ್ಟ್‌ಮೆಂಟ್ ಸ್ಟೋರ್ ಹೊಸದಲ್ಲ. ಕೆಂಪೇಗೌಡ ರಸ್ತೆಯ ಜನತಾ ಬಜಾರ್‌ನಲ್ಲಿ ಸಹಕಾರಿ ಬೆಲೆಗೆ ಸೀರೆಯಿಂದ ಸ್ಟೀಲ್ ಪಾತ್ರೆಯವರೆಗೆ ಒಂದೇ ಸೂರಿನಡಿ ಸಿಗುತ್ತಿತ್ತು. ಬ್ರಿಗೇಡ್ ರಸ್ತೆಯ ನೀಲಗಿರೀಸ್ 1970ರ ದಶಕದ ಆರಂಭಕ್ಕೇ ಗಿರಾಕಿ ತಾನೇ ಕೈಯಾರೆ ಆರಿಸಿಕೊಳ್ಳುವ ಪದ್ಧತಿಗೆ ಬಂದಿತ್ತು. ಬ್ರಿಟನ್ನಿನ ಲಿಟಲ್‌ವುಡ್ಸ್ ಕಂಪನಿ 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಮಳಿಗೆ ತೆರೆದು ಹೆಚ್ಚು ದಿನ ನಿಲ್ಲಲಿಲ್ಲ. ಲ್ಯಾಕ್ಮೆಯನ್ನು ಹಿಂದೂಸ್ತಾನ್ ಲಿವರ್‌ಗೆ ಮಾರಿದ್ದ ಟಾಟಾದವರು 1998ರಲ್ಲಿ ಆ ಮಳಿಗೆಯನ್ನು ಕೊಂಡು ವೆಸ್ಟ್‌ಸೈಡ್ ಎಂದು ಹೆಸರಿಟ್ಟರು. ಬೇರೆಯವರ ಬ್ರ್ಯಾಂಡ್‌ಗಳನ್ನು ತುಂಬಿಸುವುದನ್ನು ಕಡಿಮೆ ಮಾಡಿ ತಮ್ಮದೇ ಬಟ್ಟೆ ಹೊಲಿಸಿ ಮಾರಲು ನಿಶ್ಚಯಿಸಿದ್ದೇ ಅವರನ್ನು ಉಳಿಸಿತು ಎಂಬುದು ನನ್ನ ಅಭಿಪ್ರಾಯ. ಇನ್ನೊಬ್ಬರ ಬ್ರ್ಯಾಂಡ್ ಇಟ್ಟುಕೊಂಡವನಿಗೆ ಎರಡು ಕಡೆಯಿಂದ ಪೆಟ್ಟು. ಬ್ರ್ಯಾಂಡ್‌ನವರು ಅದೇ ಮಾಲ್‌ನಲ್ಲಿ ತಮ್ಮದೇ ಅಂಗಡಿ ತೆರೆಯುತ್ತಾರೆ. ಅದೇ ಅಂಗಿ ಮೊಬೈಲಿನಲ್ಲಿ ರಿಯಾಯಿತಿಗೆ ಸಿಗುತ್ತದೆ. ವೆಸ್ಟ್‌ಸೈಡ್ ನಡೆಸುವ ಟಾಟಾದವರ ಟ್ರೆಂಟ್ ಕಂಪನಿ 2016ರಲ್ಲಿ ಆರಂಭಿಸಿದ ಜುಡಿಯೊ ಇವತ್ತು ಏಳುನೂರಕ್ಕೂ ಹೆಚ್ಚು ಮಳಿಗೆಗಳಿಗೆ ಬೆಳೆದಿರುವುದು, ಅದೂ ಆನ್‌ಲೈನ್ ಮಾರಾಟವನ್ನು ನೆಚ್ಚದೆ, ಅದೇ ಸ್ವಂತ ಸರಕಿನ ಬಲದಿಂದ.

ಬಿಗ್ ಬಜಾರ್ 2001ರಲ್ಲಿ ಕೋಲ್ಕತ್ತ, ಹೈದರಾಬಾದ್, ಬೆಂಗಳೂರುಗಳಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಆರಂಭವಾಯಿತು. ಅದನ್ನು ಕಟ್ಟಿದ ಕಿಶೋರ್ ಬಿಯಾನಿ ಅವರಿಗೆ ನಮ್ಮ ಜನರ ನಾಡಿ ಗೊತ್ತಿತ್ತು. ಮಡಚಿಟ್ಟ ಬಟ್ಟೆಯನ್ನು ಮುಟ್ಟಲು ಹಿಂಜರಿಯುವ ಗಿರಾಕಿ ರಾಶಿ ಹಾಕಿದ್ದನ್ನು ಕೆದಕಿ ಕೊಳ್ಳುತ್ತಾನೆ ಎಂದು ತಿಳಿದಿದ್ದವರು ಅವರು. ಗಣರಾಜ್ಯೋತ್ಸವದ ಅಗ್ಗದ ಮಾರಾಟಕ್ಕೆ ಜನ ಮುಗಿಬಿದ್ದ ದಿನಗಳು ನಿಮಗೂ ನೆನಪಿರಬೇಕು. ಗಿರಾಕಿಗಳ ಬರ ಅದಕ್ಕೆ ಇರಲಿಲ್ಲ. ಅದನ್ನು ಕೆಡವಿದ್ದು ಸಾಲ. ಮೇಲಿಂದ ಮೇಲೆ ಹೊಸ ಮಳಿಗೆ, ಹೊಸ ಕಂಪನಿ, ಎಲ್ಲವೂ ಸಾಲದ ಮೇಲೆ. 2020ರ ಲಾಕ್‌ಡೌನ್‌ನಲ್ಲಿ ಮಾರಾಟ ನಿಂತಿತು, ಬಾಡಿಗೆ ಮತ್ತು ಬಡ್ಡಿ ನಿಲ್ಲಲಿಲ್ಲ. ಆ ಆಗಸ್ಟ್‌ನಲ್ಲಿ ಬಿಯಾನಿಯವರ ಫ್ಯೂಚರ್ ಸಮೂಹದ ಮಳಿಗೆ ವ್ಯವಹಾರವನ್ನು ರಿಲಯನ್ಸ್ 24,713 ಕೋಟಿ ರೂಪಾಯಿಗೆ ಕೊಳ್ಳಲು ಮುಂದಾಯಿತು. ಸಮೂಹದ ಇನ್ನೊಂದು ಕಂಪನಿಯಲ್ಲಿ ಪಾಲು ಹೊಂದಿದ್ದ ಅಮೆಜಾನ್ ತಕರಾರು ತೆಗೆಯಿತು. ವ್ಯಾಜ್ಯ ಸಿಂಗಪುರದ ಮಧ್ಯಸ್ಥಿಕೆಯಿಂದ ಸುಪ್ರೀಂ ಕೋರ್ಟ್‌ವರೆಗೆ ಓಡಾಡಿತು. ಅಷ್ಟರಲ್ಲಿ ಎಷ್ಟೋ ಮಳಿಗೆಗಳ ಬಾಡಿಗೆ ಕರಾರು ರಿಲಯನ್ಸ್ ಹೆಸರಿಗೆ ಹೋಗಿತ್ತು. 2022ರ ಫೆಬ್ರುವರಿ ಕೊನೆಯಲ್ಲಿ ಅವರು ಬಂದು ಮಳಿಗೆಗಳನ್ನು ವಶಕ್ಕೆ ತೆಗೆದುಕೊಂಡರು. ಸಾಲ ಕೊಟ್ಟವರ ಒಪ್ಪಿಗೆ ಸಿಗದೆ ಮೂಲ ಒಪ್ಪಂದ ಮುರಿದುಬಿತ್ತು, ಜುಲೈನಲ್ಲಿ ಬಿಗ್ ಬಜಾರ್ ನಡೆಸುತ್ತಿದ್ದ ಫ್ಯೂಚರ್ ರಿಟೇಲ್ ದಿವಾಳಿ ಪ್ರಕ್ರಿಯೆಗೆ ಹೋಯಿತು. ರೆಸಿಡೆನ್ಸಿ ರಸ್ತೆಯಲ್ಲಿ ಹಳೆಯ ವಿಕ್ಟೋರಿಯಾ ಹೋಟೆಲ್ ಇದ್ದ ಜಾಗದಲ್ಲಿ ಎದ್ದ ಬೆಂಗಳೂರು ಸೆಂಟ್ರಲ್ ಕೂಡ ಇದೇ ಸಮೂಹದ್ದಾಗಿತ್ತು.

ಡಿ-ಮಾರ್ಟ್ ಇದೇ ಅವಧಿಯಲ್ಲಿ ಬೆಳೆದದ್ದು ಹೇಗೆ ಎಂದು ನೋಡಿ. ಅವರು ಬಹುಪಾಲು ಮಾಲ್‌ಗಳ ತಂಟೆಗೇ ಹೋಗಲಿಲ್ಲ. ಸಾಧ್ಯವಾದ ಕಡೆಯೆಲ್ಲ ಜಾಗವನ್ನು ತಾವೇ ಕೊಂಡು, ಅಲಂಕಾರವಿಲ್ಲದ ಕಟ್ಟಡ ಕಟ್ಟಿ, ಅಕ್ಕಿ ಬೇಳೆ ಸೋಪು ಮಾರಿದರು. ನಿಧಾನವಾಗಿ ಬೆಳೆದರು, ಆದರೆ ಬಾಡಿಗೆ ಕೇಳಿಕೊಂಡು ಅವರ ಬಾಗಿಲಿಗೆ ಯಾರೂ ಬರುವಂತಿರಲಿಲ್ಲ.

ಹತ್ತು ನಿಮಿಷದಲ್ಲಿ ಹಾಲು, ಈರುಳ್ಳಿ ಮನೆಗೆ ಬರುವ ಸೇವೆಗಳಿಂದ ನಿಜಕ್ಕೂ ಪೆಟ್ಟು ತಿಂದದ್ದು ಮಾಲ್‌ಗಳ ನೆಲಮಾಳಿಗೆಯ ದಿನಸಿ ಮಳಿಗೆಗಳು. ಮಗಳ ಮಾತು ಅರ್ಧ ಸರಿ ಎಂದದ್ದು ಅದಕ್ಕೇ. ಒಂದು ಕಾಲದಲ್ಲಿ ಆ ಮಳಿಗೆಯೇ ಆಂಕರ್. ಈಗ ಆ ಜಾಗಕ್ಕೆ ಮಕ್ಕಳ ಆಟದ ಅಂಗಳ, ಜಿಮ್, ಬೌಲಿಂಗ್, ಊಟದ ಮನೆಗಳು ಬರುತ್ತಿವೆ. ಮೊಬೈಲಿನಲ್ಲಿ ಪೊಟ್ಟಣ ಕಟ್ಟಿ ಕಳುಹಿಸಲಾಗದ್ದನ್ನು ಹುಡುಕಿ ತಂದು ಕೂರಿಸುವುದು ಮಾಲ್ ನಡೆಸುವವರ ಈಗಿನ ಕೆಲಸ. ಇದನ್ನೂ ಒಂದೇ ಕೈ ಇದ್ದವರು ಮಾಡಬಲ್ಲರು, ಇನ್ನೂರು ಒಡೆಯರ ಸಂಘ ಮಾಡಲಾರದು.

ಒಂದು ಅಡ್ಡಮಾತು. ನಮ್ಮ ದೊಡ್ಡ ಮಾಲ್‌ಗಳು ಯಾವ ನೆಲದ ಮೇಲೆ ನಿಂತಿವೆ ಎಂಬುದನ್ನು ಗಮನಿಸಿದ್ದೀರಾ? ಸಂಪಿಗೆ ರಸ್ತೆಯ ಮಂತ್ರಿ ಸ್ಕ್ವೇರ್ ಇರುವುದು ರಾಜಾ ಮಿಲ್ ಇದ್ದ ಜಾಗದಲ್ಲಿ. ಒರಾಯನ್ ಮಾಲ್ ಕಿರ್ಲೋಸ್ಕರ್ ಕಾರ್ಖಾನೆಯ ನೆಲದಲ್ಲಿ. ಬಿನ್ನಿಪೇಟೆಯ ಮಾಲ್ ಬಿನ್ನಿ ಮಿಲ್‌ನ ನೆಲದಲ್ಲಿದೆ ಎಂದು ಹೇಳಬೇಕಾಗಿಯೇ ಇಲ್ಲ. ಹಲಸೂರಿನ ಲಿಡೊ ಚಿತ್ರಮಂದಿರ ಮಾಲ್ ಆಯಿತು. ಕೆಂಪೇಗೌಡ ರಸ್ತೆಯ ಸಾಗರ್ ಚಿತ್ರಮಂದಿರದ ಜಾಗದಲ್ಲಿ ಪೋತೀಸ್ ಬಟ್ಟೆ ಮಳಿಗೆ ಎದ್ದಿತು. ಹೆಬ್ಬಾಳದ ಬಳಿ 2023ರಲ್ಲಿ ಬಂದ ಮಾಲ್ ಆಫ್ ಏಷ್ಯಾದ ಹಿಂದಿರುವ ಕಂಪನಿಯ ಹೆಸರು ಇಂದಿಗೂ ‘ಫೀನಿಕ್ಸ್ ಮಿಲ್ಸ್’. ಮುಂಬೈಯಲ್ಲಿ ನೂಲು ತೆಗೆಯುತ್ತಿದ್ದ ಗಿರಣಿ ಅದು. ನಗರದ ನಡುವೆ ಹತ್ತಾರು ಎಕರೆ ಒಂದೇ ಖಾತೆಯಲ್ಲಿ ಸಿಗುವುದು ಮುಚ್ಚಿದ ಗಿರಣಿಯಲ್ಲಿ ಮಾತ್ರ. ಒಂದೇ ಖಾತೆ ಎಂಬುದರ ಬೆಲೆ ಈ ಕಸುಬಿನವರಿಗೆ ಅಷ್ಟು ಚೆನ್ನಾಗಿ ಗೊತ್ತು. ಅದನ್ನು ತುಂಡು ಮಾಡಿ ಮಾರುತ್ತಿರುವವರು ಹಣ ಹೊಂದಿಸಿಕೊಂಡು ಹೊರಡುವ ಅವಸರದಲ್ಲಿದ್ದಾರೆ ಎಂದೇ ನಾನು ಓದಿಕೊಳ್ಳುತ್ತೇನೆ.

ಖಾತೆಯ ಮಾತು ಬಂದದ್ದರಿಂದ ಇನ್ನೊಂದು ಅಪಾಯ. ಆಸ್ತಿ ತೆರಿಗೆ ಬಾಕಿಗಾಗಿ ಅಂದಿನ ನಗರ ಪಾಲಿಕೆ ಬಿಬಿಎಂಪಿ ಮಂತ್ರಿ ಸ್ಕ್ವೇರ್‌ನ ಬಾಗಿಲಿಗೆ 2021ರಿಂದೀಚೆಗೆ ಒಂದಕ್ಕಿಂತ ಹೆಚ್ಚು ಬಾರಿ ಬೀಗ ಹಾಕಿತ್ತು. ಮೆಟ್ರೊ ನಿಲ್ದಾಣ ಬಾಗಿಲಿಗೇ ಬಂದು ನಿಂತಿರುವ ಮಾಲ್ ಅದು. ನಿಲ್ದಾಣಕ್ಕೂ ಅದರದೇ ಹೆಸರು. ಬೀಗ ಬಿದ್ದ ದಿನ ಒಳಗಿನ ಅಂಗಡಿಯವರು ತಮ್ಮ ಬಾಡಿಗೆಯನ್ನು ಸರಿಯಾಗಿ ಕಟ್ಟಿದ್ದರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಜಿ.ಟಿ. ಮಾಲ್‌ನಲ್ಲಿ ಪಂಚೆ ಉಟ್ಟು ಬಂದ ರೈತರೊಬ್ಬರನ್ನು ಒಳಗೆ ಬಿಡದೆ ಹೋದಾಗ ಸರ್ಕಾರ ಏಳು ದಿನ ಮಾಲ್ ಮುಚ್ಚಿಸಿತು. ಮುಚ್ಚಿಸಿದ್ದು ನನಗೆ ತಪ್ಪೆನಿಸಲಿಲ್ಲ. 1999ರಲ್ಲಿ ಮುಂಬೈಯ ಕ್ರಾಸ್‌ರೋಡ್ಸ್ ಮಾಲ್ ಆರಂಭದ ದಿನಗಳಲ್ಲಿ ಮೊಬೈಲ್ ಅಥವಾ ಕ್ರೆಡಿಟ್ ಕಾರ್ಡ್ ಇದ್ದವರಿಗೆ ಪ್ರವೇಶ, ಇಲ್ಲದವರು ಶುಲ್ಕ ಕೊಡಿ ಎಂದಿತ್ತು. ಕಾಲು ಶತಮಾನ ಕಳೆದರೂ ಬಾಗಿಲಲ್ಲಿ ಗಿರಾಕಿಯ ಬಟ್ಟೆ ನೋಡುವ ಚಾಳಿ ಹೋಗಿಲ್ಲ. ಆದರೆ ನಿಮಗೆ ಬೇಕಾದ ಅಂಶ ಇದು: ಕಾವಲುಗಾರನ ತಪ್ಪಿಗೆ, ಬಿಲ್ಡರ್‌ನ ಬಾಕಿಗೆ ನಿಮ್ಮ ಷಟರ್ ಕೂಡ ಮುಚ್ಚುತ್ತದೆ, ಅದರ ಮೇಲೆ ನಿಮ್ಮ ಹಿಡಿತ ಏನೂ ಇರುವುದಿಲ್ಲ.

ಈಗ ನಿಮ್ಮ 48 ಲಕ್ಷದ ಲೆಕ್ಕ. ತಿಂಗಳಿಗೆ 40 ಸಾವಿರ ಎಂದರೆ ವರ್ಷಕ್ಕೆ 4.8 ಲಕ್ಷ, ಶೇ 10. ನಿಮ್ಮನ್ನು ಸೆಳೆದದ್ದು ಇದು. ಮೂರು ವರ್ಷಕ್ಕೆ ಒಟ್ಟು 14.4 ಲಕ್ಷ. ಬಿಲ್ಡರ್‌ಗೆ ಒಂದೇ ಪ್ರಶ್ನೆ ಹಾಕಿ: ‘ಖಾತರಿ ಬಾಡಿಗೆ ನನಗೆ ಬೇಡ, ಅಂಗಡಿಯ ಬೆಲೆ ಎಷ್ಟು?’ ಅವರು 48ರಿಂದ ಎಷ್ಟು ಕೆಳಗಿಳಿಯುತ್ತಾರೋ ಅಷ್ಟು ಹಣ ನಿಮ್ಮದೇ. ಅದನ್ನೇ ಕಂತುಗಳಲ್ಲಿ ನಿಮಗೆ ಹಿಂತಿರುಗಿಸುವ ಯೋಜನೆ ಹಾಕಿದ್ದರು.

220 ಚದರ ಅಡಿ ಎಂಬುದು ಬಹುಶಃ ಸೂಪರ್ ಬಿಲ್ಟ್-ಅಪ್ ಅಳತೆ. ಮೊಗಸಾಲೆ, ಲಿಫ್ಟ್, ಮೆಟ್ಟಿಲಿನ ಪಾಲು ಕಳೆದರೆ ಮಾಲ್‌ಗಳಲ್ಲಿ ಕೈಗೆ ಸಿಗುವ ಕಾರ್ಪೆಟ್ ಅಳತೆ ಅರ್ಧಕ್ಕಿಂತ ತುಸು ಹೆಚ್ಚು. ಶೇ 55 ಎಂದು ಹಿಡಿದರೆ 121 ಚದರ ಅಡಿ, ಅಂದರೆ ಹನ್ನೊಂದಕ್ಕೆ ಹನ್ನೊಂದರ ಒಂದು ಕೋಣೆ, ಚದರ ಅಡಿಗೆ ಸುಮಾರು 40 ಸಾವಿರ ರೂಪಾಯಿ. ಮೂರು ವರ್ಷದ ನಂತರ ಇದಕ್ಕೆ 40 ಸಾವಿರ ಬಾಡಿಗೆ ಕೊಡುವ ವ್ಯಾಪಾರಿ ಯಾರು? ಬಟ್ಟೆ ವ್ಯಾಪಾರಿಯ ಬಾಡಿಗೆ ಮಾರಾಟದ ಶೇ 15ನ್ನು ದಾಟಿದರೆ ಅವನಿಗೆ ಉಸಿರು ಕಟ್ಟುತ್ತದೆ. ಹಾಗೆ ನೋಡಿದರೆ ಆ ಕೋಣೆಯಲ್ಲಿ ತಿಂಗಳಿಗೆ 2.67 ಲಕ್ಷ, ದಿನಕ್ಕೆ ಸುಮಾರು 9 ಸಾವಿರ ರೂಪಾಯಿ ಮಾರಾಟ ಆಗಲೇಬೇಕು, ಮಳೆ ಬಂದ ಮಂಗಳವಾರವೂ ಸೇರಿ. ಬಾಡಿಗೆಯ ಮೇಲಿನ ಜಿಎಸ್‌ಟಿ, ನಿರ್ವಹಣಾ ಶುಲ್ಕ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಅಂಗಡಿ ಖಾಲಿ ಇದ್ದಾಗ ಆ ಶುಲ್ಕ ಕಟ್ಟಬೇಕಾದವರು ನೀವೇ.

ಇಷ್ಟಾದರೂ ಮಾಲ್ ವ್ಯವಹಾರದಲ್ಲಿ ಪಾಲು ಬೇಕು ಎಂಬ ಆಸೆ ಇದ್ದರೆ, ಮೇಲೆ ಹೇಳಿದ ನೆಕ್ಸಸ್ ಟ್ರಸ್ಟ್‌ನಂಥ ರೀಟ್‌ಗಳು, ಅಂದರೆ ಹಲವರ ಹಣ ಸೇರಿಸಿ ಬಾಡಿಗೆ ಬರುವ ಕಟ್ಟಡಗಳಲ್ಲಿ ಹೂಡುವ ಟ್ರಸ್ಟ್‌ಗಳು, ಇವೆ. ಬಾಡಿಗೆಯಿಂದ ಬಂದು ಹಂಚಲು ಉಳಿಯುವ ಹಣದಲ್ಲಿ ಶೇ 90ರಷ್ಟನ್ನು ಹೂಡಿದವರಿಗೆ ಹಂಚಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮವಿದೆ, ಒಂದೇ ಯೂನಿಟ್ ಕೂಡ ಕೊಳ್ಳಬಹುದು. ಅದರ ಬೆಲೆ ಷೇರಿನಂತೆ ಏರಿಳಿಯುತ್ತದೆ, ಬ್ಯಾಂಕ್ ಠೇವಣಿಯ ಭದ್ರತೆ ಇಲ್ಲ. ನಿವೃತ್ತಿಯ ಹಣದ ದೊಡ್ಡ ಭಾಗವನ್ನು ಅದರಲ್ಲಿ ಹಾಕಿ ಎಂದೂ ನಾನು ಹೇಳಲಾರೆ. ಆದರೆ ಬೇಡವೆನಿಸಿದ ದಿನ ಮಾರಬಹುದು. ಹನ್ನೊಂದು ಅಡಿಯ ಕೋಣೆಯನ್ನು ಮಾರಲು ನಿಮ್ಮಂಥದೇ ಇನ್ನೊಬ್ಬ ನಿವೃತ್ತರನ್ನು ಹುಡುಕಬೇಕು.

ಈಗಾಗಲೇ ಮುಂಗಡ ಕೊಟ್ಟಿದ್ದೀರೋ ಎಂಬುದನ್ನು ನೀವು ಬರೆದಿಲ್ಲ. ಕೊಟ್ಟಿದ್ದರೆ, ಮಾರಾಟದ ಕರಾರಿಗೆ ಸಹಿ ಹಾಕುವ ಮುನ್ನ ಕಟ್ಟಡ ಯೋಜನೆಗಳ ನಿಯಂತ್ರಕ ಸಂಸ್ಥೆಯಾದ ಕರ್ನಾಟಕ ರೇರಾದ ಜಾಲತಾಣದಲ್ಲಿ ಆ ಯೋಜನೆಯ ನೋಂದಣಿ ತೆಗೆದು ನೋಡಿ; ಅಂಗಡಿಗಳಿಗೂ ರೇರಾ ಅನ್ವಯಿಸುತ್ತದೆ, ಕಾರ್ಪೆಟ್ ಅಳತೆಯನ್ನು ಅಲ್ಲಿ ನಮೂದಿಸಲೇಬೇಕು. ಖಾತರಿ ಬಾಡಿಗೆಯ ಮಾತು ನೋಂದಾಯಿತ ಕರಾರಿನೊಳಗೆ ಇದೆಯೋ, ಅಥವಾ ಕಂಪನಿಯ ಕಾಗದದ ಮೇಲೆ ಪ್ರತ್ಯೇಕ ಪತ್ರವಾಗಿ ಇದೆಯೋ ಎಂದು ಪರೀಕ್ಷಿಸಿ. ಆಂಕರ್ ಯಾರು, ಅವರು ಬಾಡಿಗೆ ಕರಾರಿಗೆ ಸಹಿ ಹಾಕಿದ್ದಾರೆಯೇ, ಒಟ್ಟು ಜಾಗದಲ್ಲಿ ಎಷ್ಟನ್ನು ಮಾರುತ್ತಿದ್ದಾರೆ, ಎಷ್ಟನ್ನು ತಾವೇ ಇಟ್ಟುಕೊಳ್ಳುತ್ತಿದ್ದಾರೆ ಎಂದು ಬರವಣಿಗೆಯಲ್ಲಿ ಕೇಳಿ. ಆಂಕರ್‌ನ ಹೆಸರು ಕೇಳಿದ್ದಕ್ಕೆ ‘ಮಾತುಕತೆ ನಡೆಯುತ್ತಿದೆ’ ಎಂಬ ಉತ್ತರ ಬಂದರೆ, ಮುಂಗಡ ವಾಪಸ್ ಕೇಳುವ ಪತ್ರವನ್ನು ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ.